ರಕ್ತದ ಲೆಕ್ಕ ಮನೆಯಲ್ಲೇ ಆಗಲಿ

ಬಡವನ ಎದೆ ತೆರೆದು ಹೊಸ ಕವಾಟ ಕೂರಿಸುವುದಕ್ಕೆ ಸರಕಾರದ ಬೊಕ್ಕಸದಲ್ಲಿ ಹಣವುಂಟು. ಆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿ ಅದು ನಿಂತು ಹೋಗದಂತೆ ಕಾಯುವುದಕ್ಕೆ ಮಾತ್ರ ಅವನೇ ತನ್ನ ಕಿಸೆ ತಡಕಿ ನೋಡಿಕೊಳ್ಳಬೇಕು. ಮನೆ ಕಟ್ಟಿಸಿಕೊಟ್ಟು ಬಾಗಿಲಿಗೆ ಅಗುಳಿ ಇಡದೆ ಹೋದ ಹಾಗಾಯಿತು ಇದು.

ಯೋಜನೆಯನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಿಂದ ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ದೊಡ್ಡ ಚಿಕಿತ್ಸೆ ಸಿಗುತ್ತದೆ. ಜಯದೇವ ಹೃದ್ರೋಗ ಸಂಸ್ಥೆ ಬೆಂಗಳೂರಿನಲ್ಲಷ್ಟೇ ಅಲ್ಲ, ಮೈಸೂರಿನಲ್ಲೂ ಕಲಬುರಗಿಯಲ್ಲೂ ಇದೆ. ಒಂದು ತಲೆಮಾರಿನ ಹಿಂದೆ ನಮ್ಮ ಹಮಾಲರ ಮನೆಯ ಹುಡುಗಿಗೆ ವಾಲ್ವು ಕೆಟ್ಟರೆ ದೇವರೇ ಗತಿ ಎಂದು ಕೈ ಚೆಲ್ಲುತ್ತಿದ್ದರು. ಇಂದು ಹಾಗಿಲ್ಲ. ಆದರೆ ಈ ವಿಮೆಯೆಲ್ಲ ಆಸ್ಪತ್ರೆಯ ಹಾಸಿಗೆಗೆ ಅಂಟಿಕೊಂಡ ವಿಮೆ. ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆಯ ನಿಯಮದಂತೆ ಮನೆಗೆ ಬಂದ ಮೇಲಿನ ಖರ್ಚು 15 ದಿನಕ್ಕೆ ಮುಗಿಯಿತು. ಹದಿನಾರನೆಯ ದಿನದಿಂದ ಸಾಯುವವರೆಗೆ ಒಂದು ಗುಳಿಗೆ, ಮತ್ತು ಚೀಟಿಯ ಮೇಲೆ ಒಂದು ಸಾಲು: ಪ್ರತಿ ತಿಂಗಳೂ ಪಿಟಿ-ಐಎನ್‌ಆರ್ ಮಾಡಿಸಿ.

ಈ ಒಂದು ಸಾಲಿನ ಬೆಲೆ ಎಷ್ಟೆಂಬುದನ್ನು ನಮ್ಮ ವಾಚಕರು, ಅದರಲ್ಲೂ ದಿನಾಲೂ ತಕ್ಕಡಿ ಹಿಡಿಯುವ ವ್ಯಾಪಾರಿ ಬಂಧುಗಳು, ನಮ್ಮೊಡನೆ ಕೂತು ಲೆಕ್ಕ ಹಾಕಬೇಕು. ಅದಕ್ಕೆ ಮುಂಚೆ ಆ ಗುಳಿಗೆಯ ಜಾತಕವನ್ನು ಸ್ವಲ್ಪ ನೋಡೋಣ. ಅದು ಸ್ವಾರಸ್ಯವಾಗಿದೆ.

1920ರ ದಶಕದಲ್ಲಿ ಅಮೆರಿಕದ ಉತ್ತರ ಭಾಗದಲ್ಲೂ ಕೆನಡಾದಲ್ಲೂ ದನಗಳು ಸಣ್ಣ ಗಾಯಕ್ಕೆ ರಕ್ತ ನಿಲ್ಲದೆ ಸಾಯತೊಡಗಿದವು. ಬೂಸಲು ಹಿಡಿದ ಕ್ಲೋವರ್ ಹುಲ್ಲು ತಿಂದದ್ದೇ ಕಾರಣವೆಂದು ಅಲ್ಲಿನ ಪಶುವೈದ್ಯರು ಕಂಡುಹಿಡಿದರು. ಹುಲ್ಲು ಬಿಸಾಡಿ ಎಂದರು. ಆದರೆ ಮಾರುಕಟ್ಟೆ ಮುರಿದು ಬಿದ್ದ ಆ ಕಾಲದಲ್ಲಿ ಹುಲ್ಲು ಬಿಸಾಡುವ ತ್ರಾಣ ರೈತನಿಗೆ ಎಲ್ಲಿತ್ತು? 1933ರ ಚಳಿಗಾಲದಲ್ಲಿ ವಿಸ್ಕಾನ್ಸಿನ್ನಿನ ಒಬ್ಬ ರೈತ ಸತ್ತ ಕರುವನ್ನೂ, ಹಾಲಿನ ಕ್ಯಾನಿನಲ್ಲಿ ಹೆಪ್ಪುಗಟ್ಟದ ರಕ್ತವನ್ನೂ, ಒಂದು ಹೊರೆ ಕೆಟ್ಟ ಹುಲ್ಲನ್ನೂ ಗಾಡಿಗೆ ಹಾಕಿಕೊಂಡು ಹಿಮದ ಬಿರುಗಾಳಿಯಲ್ಲಿ ಮ್ಯಾಡಿಸನ್ನಿನ ವಿಶ್ವವಿದ್ಯಾಲಯಕ್ಕೆ ಬಂದ. ಅಲ್ಲಿದ್ದ ಕಾರ್ಲ್ ಪಾಲ್ ಲಿಂಕ್ ಎಂಬ ರಸಾಯನಶಾಸ್ತ್ರಜ್ಞನ ತಂಡ ವರ್ಷಗಟ್ಟಲೆ ದುಡಿದು ಆ ಹುಲ್ಲಿನೊಳಗಿನ ವಿಷವನ್ನು ಬೇರ್ಪಡಿಸಿತು. ಅದರ ಮರಿಯೇ ವಾರ್ಫರಿನ್. 1948ರಲ್ಲಿ ಅದು ಇಲಿಪಾಷಾಣವಾಗಿ ಪೇಟೆಗೆ ಬಂತು. 1954ರಲ್ಲಿ ಮನುಷ್ಯರ ಔಷಧಿಯಾಯಿತು. 1955ರಲ್ಲಿ ಹೃದಯಾಘಾತವಾದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರನಿಗೂ ಅದನ್ನೇ ಕೊಟ್ಟರು. ನಮ್ಮ ದೇಶದಲ್ಲಿ ಹೆಚ್ಚಾಗಿ ಬರೆದುಕೊಡುವ ಅಸಿಟ್ರಾಮ್ ಅದರ ದಾಯಾದಿ. ಹೆಸರು ಅಸೆನೊಕೌಮರಾಲ್, ಕೆಲಸ ಒಂದೇ. ಅಧ್ಯಕ್ಷನ ಗುಳಿಗೆ ದಾವಣಗೆರೆಯ ಹಮಾಲನವರೆಗೆ ಬಂದಿದೆ. ಅಧ್ಯಕ್ಷನ ಮಂಚದ ಪಕ್ಕಕ್ಕೇ ನಡೆದು ಬರುತ್ತಿದ್ದ ಪರೀಕ್ಷೆ ಮಾತ್ರ ಇನ್ನೂ ದಾರಿಯಲ್ಲಿದೆ.

ಯಾಕೆ ಪರೀಕ್ಷೆ ಬೇಕು? ಈ ಗುಳಿಗೆಯಲ್ಲಿ ಔಷಧಕ್ಕೂ ವಿಷಕ್ಕೂ ನಡುವಿನ ಗೆರೆ ಬಹಳ ಸಣ್ಣದು. ದೇಹದಲ್ಲಿ ರಕ್ತ ಹೆಪ್ಪುಗಟ್ಟಲು ವಿಟಮಿನ್ ಕೆ ಬೇಕು. ಗುಳಿಗೆ ಅದಕ್ಕೇ ಅಡ್ಡ ನಿಲ್ಲುತ್ತದೆ. ಗುಳಿಗೆ ಕಡಿಮೆಯಾದರೆ ಕವಾಟದ ಮೇಲೆ ಹೆಪ್ಪು ಕೂರುತ್ತದೆ, ಅದು ಕಿತ್ತು ಮೆದುಳಿಗೆ ಹೋದರೆ ಲಕ್ವ. ಹೆಚ್ಚಾದರೆ ಮೂಗಿನಲ್ಲಿ, ಹೊಟ್ಟೆಯಲ್ಲಿ, ತಲೆಯೊಳಗೆ ರಕ್ತ. ಇವತ್ತು ಮೊಸೊಪ್ಪು ಜಾಸ್ತಿ ಉಂಡರೆ ಗುಳಿಗೆಯ ಶಕ್ತಿ ಇಳಿಯುತ್ತದೆ. ಜ್ವರ ಬಂದು ಊಟ ಬಿಟ್ಟರೆ ಏರುತ್ತದೆ. ಭೇದಿಗೆಂದು ಮೆಟ್ರೊನಿಡಜೋಲ್ ನುಂಗಿದರೆ ಇನ್ನೂ ಏರುತ್ತದೆ. ಮೈಕೈ ನೋವಿಗೆ ಮೆಡಿಕಲ್ ಶಾಪಿನವನು ಕೊಡುವ ಡೈಕ್ಲೋಫೆನಾಕ್, ಬ್ರೂಫೆನ್ನು ರಕ್ತ ಸೋರುವ ಅಪಾಯವನ್ನು ಹೆಚ್ಚಿಸುತ್ತವೆ. ಸೊಪ್ಪು ಬಿಡಬೇಕೆಂದಲ್ಲ, ದಿನವೂ ಒಂದೇ ಅಳತೆಯಲ್ಲಿ ತಿನ್ನಬೇಕು. ಆದರೆ ಸಂತೆಯಲ್ಲಿ ಏನು ಅಗ್ಗವೋ ಅದನ್ನು ಬೇಯಿಸುವ ಮನೆಯಲ್ಲಿ ಒಂದೇ ಅಳತೆ ಎಲ್ಲಿಂದ ಬರಬೇಕು?

ಐಎನ್‌ಆರ್ ಎಂಬುದು ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂಬುದರ ಲೆಕ್ಕ. ಗುಳಿಗೆ ತಿನ್ನದವನಿಗೆ ಅದು 1ರ ಆಸುಪಾಸು. ಗುಳಿಗೆ ತಿನ್ನುವವನಿಗೆ ಸಾಮಾನ್ಯವಾಗಿ 2ರಿಂದ 3ರೊಳಗೆ, ಮೈಟ್ರಲ್ ಎಂಬ ಕವಾಟಕ್ಕೆ ಲೋಹದ್ದನ್ನು ಹಾಕಿದ್ದರೆ 2.5ರಿಂದ 3.5ರೊಳಗೆ ಇರಬೇಕು. ಹಿಂದೆ ಒಂದೊಂದು ಲ್ಯಾಬಿನ ಒಂದೊಂದು ರಾಸಾಯನಿಕ, ಒಂದೊಂದು ಉತ್ತರ. 1956ರ ತೂಕ-ಅಳತೆ ಕಾಯಿದೆ ಬರುವ ಮುನ್ನ ಊರಿಗೊಂದು ಸೇರು ಇದ್ದ ಹಾಗೆ. 1983ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಲ್ಲಕ್ಕೂ ಒಂದೇ ಮಾನ ತಂದಿತು. ಆದ್ದರಿಂದಲೇ ಬೆಂಗಳೂರಿನ ಡಾಕ್ಟರು ದಾವಣಗೆರೆಯ ಲ್ಯಾಬಿನ ಚೀಟಿ ನೋಡಿ ಫೋನಿನಲ್ಲಿ ಅರ್ಧ ಗುಳಿಗೆ ಹೆಚ್ಚಿಸಿ ಎನ್ನಬಲ್ಲರು.

ಈಗ ಕೆಲವರು ಕೇಳಬಹುದು: ಪರೀಕ್ಷೆಯೇ ಬೇಡದ ಹೊಸ ಗುಳಿಗೆಗಳು ಬಂದಿವೆಯಲ್ಲ, ಈ ಹಳೆಯ ಇಲಿಪಾಷಾಣವನ್ನು ಯಾಕೆ ಹಿಡಿದುಕೊಂಡಿದ್ದೀರಿ? ಬಂದಿವೆ, ನಿಜ. ವಯಸ್ಸಾದವರ ಎದೆಬಡಿತದ ಏರುಪೇರಿಗೆ ಅವು ಒಳ್ಳೆಯವೇ. ಆದರೆ ಲೋಹದ ಕವಾಟದವರಿಗೆ ಡಬಿಗಟ್ರಾನ್ ಎಂಬ ಹೊಸ ಗುಳಿಗೆ ಕೊಟ್ಟು ನೋಡಿದ ಪ್ರಯೋಗವನ್ನು ಹೆಪ್ಪೂ ಹೆಚ್ಚು, ರಕ್ತಸ್ರಾವವೂ ಹೆಚ್ಚು ಎಂದು ನಡುವೆಯೇ ನಿಲ್ಲಿಸಬೇಕಾಯಿತು. ಅದರ ವರದಿ 2013ರಲ್ಲಿ ಬಂತು. ಇನ್ನು ಸಂಧಿವಾತ ಜ್ವರದಿಂದ ಕವಾಟ ಕೆಟ್ಟವರ ಮಾತು. ಏಷ್ಯಾ, ಆಫ್ರಿಕಾ, ದಕ್ಷಿಣ ಅಮೆರಿಕಗಳ ದೇಶಗಳಲ್ಲಿ, ಭಾರತವೂ ಸೇರಿದಂತೆ, ಸುಮಾರು ನಾಲ್ಕೂವರೆ ಸಾವಿರ ಮಂದಿಯ ಮೇಲೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಹೊಸ ರಿವರಾಕ್ಸಬನ್ನಿಗಿಂತ ಹಳೆಯ ಗುಳಿಗೆಯವರಲ್ಲೇ ಸಾವು ಕಡಿಮೆ ಎಂದು ಅದು ತೋರಿಸಿತು.

ಈ ಸಂಧಿವಾತ ಜ್ವರ ಯಾರಿಗೆ ಬರುತ್ತದೆ? ಒಂದೇ ಕೋಣೆಯಲ್ಲಿ ಎಂಟು ಜನ ಮಲಗುವ ಮನೆಯ ಮಕ್ಕಳಿಗೆ. ಗಂಟಲು ನೋವು ಬಂದಾಗ ಸಕಾಲಕ್ಕೆ ಪೆನ್ಸಿಲಿನ್ ಸಿಗದ ಮಕ್ಕಳಿಗೆ. ಶ್ರೀಮಂತ ದೇಶಗಳು ಬಹುಮಟ್ಟಿಗೆ ಮರೆತುಬಿಟ್ಟ ರೋಗವಿದು. ಹೀಗಾಗಿ ಪರೀಕ್ಷೆ ಬೇಡದ ಗುಳಿಗೆ ಉಳ್ಳವರ ರೋಗಕ್ಕೆ ಒದಗಿತು. ಪರೀಕ್ಷೆ ಬೇಕೇ ಬೇಕೆನ್ನುವ ಗುಳಿಗೆ ಇಲ್ಲದವರ ಪಾಲಿಗೆ ಉಳಿಯಿತು. ಇದನ್ನು ಯಾರೂ ಬೇಕೆಂದು ಮಾಡಿದ್ದಲ್ಲ. ಆದರೂ ಫಲ ಅದೇ.

ಇನ್ನು ಲೆಕ್ಕಕ್ಕೆ ಬರೋಣ. ಜಗಳೂರಿನ ಕಡೆಯ ಒಂದು ಹಳ್ಳಿಯಿಂದ ದಾವಣಗೆರೆಗೆ ಬಂದು ಪರೀಕ್ಷೆ ಮಾಡಿಸುವವನನ್ನು ತೆಗೆದುಕೊಳ್ಳಿ. ಕೂಲಿ 500 ರೂಪಾಯಿ ಎಂದು ಹಿಡಿಯಿರಿ, ಅದು ಹೋಯಿತು. ಲ್ಯಾಬಿನವನಿಗೆ 300. ಬಸ್ಸು, ಚಹಾ, ಮಂಡಕ್ಕಿ ಮಿರ್ಚಿ ಎಂದು 150. ಒಟ್ಟು 950. ವರ್ಷಕ್ಕೆ ಹನ್ನೆರಡು ಸಲ ಬಂದರೆ 11,400. ಹೆಣ್ಣುಮಕ್ಕಳಾದರೆ 2023ರ ಶಕ್ತಿ ಯೋಜನೆಯಿಂದ ಸರಕಾರಿ ಬಸ್ಸಿನ ಚಾರ್ಜು ಉಳಿದೀತು. ಕೂಲಿ ಉಳಿಯದು, ಜೊತೆಗೆ ಬರುವ ಗಂಡನ ಕೂಲಿಯೂ ಉಳಿಯದು. ಬೆಳಿಗ್ಗೆ ರಕ್ತ ಕೊಟ್ಟು ಸಂಜೆ ರಿಪೋರ್ಟು ತಗೊಂಡು ಡಾಕ್ಟರ ಬಾಗಿಲಿಗೆ ಬಂದರೆ ಅವರು ಎದ್ದು ಹೋಗಿರುತ್ತಾರೆ. ಆಗ ಕೂಲಿಕಾರ ಏನು ಮಾಡುತ್ತಾನೆ? ತಿಂಗಳಿನದು ಎರಡು ತಿಂಗಳಾಗುತ್ತದೆ, ಎರಡು ಮೂರಾಗುತ್ತದೆ, ಸುಗ್ಗಿ ಬಂದರೆ ಮರೆತೇ ಹೋಗುತ್ತದೆ. ಅವನನ್ನು ಬೇಜವಾಬ್ದಾರಿ ಎಂದು ಬೈಯುವ ಡಾಕ್ಟರುಗಳನ್ನು ನಾವು ಬಲ್ಲೆವು. ತಮ್ಮ ತಿಂಗಳ ಸಂಬಳದಿಂದ ಒಂದು ದಿನದ್ದನ್ನು ಪ್ರತಿ ಸಲವೂ ಮುರಿದುಕೊಂಡರೆ ಅವರೂ ಎಷ್ಟು ಜವಾಬ್ದಾರರಾಗಿರುತ್ತಾರೋ ನೋಡಬೇಕು.

ಈ ಗಂಟನ್ನು ಬಿಡಿಸುವ ಒಂದು ಸಾಧನ ಈಗಾಗಲೇ ಇದೆ. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಮಿಷನ್ನು, ಅದಕ್ಕೆ ಹಾಕುವ ಒಂದು ಸ್ಟ್ರಿಪ್ಪು. ಬೆರಳ ತುದಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ಬಿಟ್ಟರೆ ಸ್ಟ್ರಿಪ್ಪಿನಲ್ಲಿರುವ ರಾಸಾಯನಿಕ ಅದನ್ನು ಹೆಪ್ಪುಗಟ್ಟಿಸುತ್ತದೆ. ಎಷ್ಟು ಹೊತ್ತಾಯಿತೆಂದು ಮಿಷನ್ನು ಎಣಿಸಿ ಒಂದೆರಡು ನಿಮಿಷದಲ್ಲಿ ಐಎನ್‌ಆರ್ ತೋರಿಸುತ್ತದೆ. ಸಕ್ಕರೆ ಕಾಯಿಲೆಯವರು ಮನೆಯಲ್ಲಿ ನೋಡಿಕೊಳ್ಳುವ ಶುಗರ್ ಮಿಷನ್ನಿನ ಅಣ್ಣನೆನ್ನಿ. ಜರ್ಮನಿಯಲ್ಲಿ 1980ರ ದಶಕದಲ್ಲೇ ರೋಗಿಗಳಿಗೆ ತರಬೇತಿ ಕೊಟ್ಟು ಇದನ್ನು ಮನೆಗೆ ಕಳಿಸತೊಡಗಿದರು. ಖಾಸಗಿ ಆಸ್ಪತ್ರೆಗಳ ಸ್ವರ್ಗವಾದ ಅಮೆರಿಕದಲ್ಲೂ ಮುದುಕರ ಸರಕಾರಿ ವಿಮೆ 2002ರಲ್ಲಿ ಲೋಹದ ಕವಾಟದವರಿಗೆ, 2008ರಲ್ಲಿ ಉಳಿದ ಅನೇಕರಿಗೆ ಇದರ ಖರ್ಚು ಕೊಡಲು ಒಪ್ಪಿತು.

ಗುಣವೇನಾಯಿತು? ಇಲ್ಲಿ ಪ್ರಾಮಾಣಿಕವಾಗಿ ಎರಡೂ ಕಡೆಯ ಮಾತು ಹೇಳಬೇಕು. ಕಾಕ್ರೇನ್ ಸಂಸ್ಥೆಯವರು 2016ರಲ್ಲಿ 28 ಪ್ರಯೋಗಗಳನ್ನು, ಸುಮಾರು ಒಂಬತ್ತು ಸಾವಿರ ರೋಗಿಗಳ ಲೆಕ್ಕವನ್ನು ಒಟ್ಟು ಮಾಡಿ ನೋಡಿದರು. ಮನೆಯಲ್ಲಿ ಪರೀಕ್ಷಿಸಿಕೊಂಡವರಲ್ಲಿ ಹೆಪ್ಪಿನ ಅನಾಹುತ ಐದರಲ್ಲಿ ಎರಡು ಪಾಲಿನಷ್ಟು ಕಡಿಮೆಯಾಗಿತ್ತು. ಪರೀಕ್ಷೆಯ ಜೊತೆಗೆ, ಕಲಿಸಿಕೊಟ್ಟ ಪಟ್ಟಿಯಂತೆ ಗುಳಿಗೆಯ ಪ್ರಮಾಣವನ್ನೂ ತಾವೇ ಸರಿಪಡಿಸಿಕೊಂಡವರಲ್ಲಿ ಸಾವೂ ಕಡಿಮೆಯಾಗಿತ್ತು. ದೊಡ್ಡ ರಕ್ತಸ್ರಾವ ಮಾತ್ರ ಇಳಿಯಲಿಲ್ಲ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 2,922 ಮಂದಿಯ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಮನೆಯಲ್ಲಿ ವಾರಕ್ಕೊಮ್ಮೆ ನೋಡಿಕೊಂಡವರಿಗೂ ಆಸ್ಪತ್ರೆಯಲ್ಲಿ ತಿಂಗಳಿಗೊಮ್ಮೆ ತೋರಿಸಿದವರಿಗೂ ಲಕ್ವ, ರಕ್ತಸ್ರಾವ, ಸಾವುಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮನೆಪರೀಕ್ಷೆ ಬೇಡವೆನ್ನುವವರು ಇದನ್ನೇ ಎತ್ತಿ ತೋರಿಸುತ್ತಾರೆ. ಆದರೆ ಆ ಸೈನಿಕರಿಗೆ ತಿಂಗಳಿಗೊಮ್ಮೆ ತಪ್ಪದೆ ನೋಡುವ, ತಪ್ಪಿದರೆ ಕರೆದು ಕೇಳುವ ಒಳ್ಳೆಯ ಚಿಕಿತ್ಸಾಲಯವಿತ್ತು. ಅಂಥದಿದ್ದಲ್ಲಿ ಮನೆಯ ಮಿಷನ್ನು ಅದಕ್ಕೆ ಸಮಾನ ಎಂದು ತಾನೆ ಇದರ ಅರ್ಥ? ಅಂಥದಿಲ್ಲದ ಜಗಳೂರಿಗೆ, ಚನ್ನಗಿರಿಗೆ, ನ್ಯಾಮತಿಗೆ ಆ ಸಮಾನವಾದದ್ದನ್ನೇ ಕೊಡಿ ಎಂದು ನಾವು ಕೇಳುತ್ತಿದ್ದೇವೆ.

ಓದು ಬರಹ ಬಾರದ ಜನ ಇದನ್ನೆಲ್ಲ ನಿಭಾಯಿಸುತ್ತಾರೆಯೇ ಎಂಬ ಮಾತು ಬಂದೇ ಬರುತ್ತದೆ. ನೂಲಿನ ಕೌಂಟನ್ನು ಬೆರಳಲ್ಲಿ ಮುಟ್ಟಿ ಹೇಳುತ್ತಿದ್ದ ಗಿರಣಿ ಕೆಲಸಗಾರರಿದ್ದ ಊರಿದು. ಮಂಡಕ್ಕಿ ಭಟ್ಟಿಯಲ್ಲಿ ಮರಳಿನ ಕಾವನ್ನು ಕಣ್ಣಳತೆಯಲ್ಲೇ ಹಿಡಿಯುವ ಹೆಂಗಸರಿದ್ದಾರೆ. ದಿನಸಿ ಅಂಗಡಿಯವರಲ್ಲಿ ಇನ್ಸುಲಿನ್ನನ್ನು ತಾವೇ ಅಳೆದು ಚುಚ್ಚಿಕೊಳ್ಳುವವರು ಎಷ್ಟು ಜನ! ಎರಡಂಕಿ ಓದಿ ವಹಿಯಲ್ಲಿ ಬರೆದಿಟ್ಟು ಫೋನು ಮಾಡುವುದು ಇವರಿಗೆ ಬಾರದ ವಿದ್ಯೆಯಲ್ಲ. ಕಣ್ಣು ಕಾಣದವರಿಗೆ, ಕೈ ನಡುಗುವವರಿಗೆ ಮನೆಯ ಹೈಸ್ಕೂಲು ಹುಡುಗ ಮಾಡಿಕೊಟ್ಟಾನು. ಕಲಿಸುವವರು ಬೇಕು, ಅಷ್ಟೆ. ಒಂದು ಮಧ್ಯಾಹ್ನದಲ್ಲಿ ಅಲ್ಲ, ಮೂರು ನಾಲ್ಕು ಸಲ ಕೂರಿಸಿ, ಎದುರಿಗೇ ಮಾಡಿಸಿ.

ಆದರೆ ಮಿಷನ್ನನ್ನು ದೇವರೆಂದು ಪೂಜಿಸುವವರ ಪೈಕಿ ನಾವಲ್ಲ. ಇದರಲ್ಲೂ ಲೋಪಗಳಿವೆ, ಅವನ್ನು ಮಾರುವವನು ಹೇಳುವುದಿಲ್ಲ. ಸಂಖ್ಯೆ 4 ದಾಟಿದಾಗ ಅದರ ಮಾತು ಅಷ್ಟು ಭದ್ರವಲ್ಲ. ಆ ದಿನವೇ ಡಾಕ್ಟರಿಗೆ ತಿಳಿಸಿ ಲ್ಯಾಬಿನಲ್ಲಿ ಮತ್ತೊಮ್ಮೆ ನೋಡಿಸಬೇಕು. ರಕ್ತಹೀನತೆ ತೀರ ಹೆಚ್ಚಿದ್ದವರಲ್ಲಿ ಅದು ತಪ್ಪು ತೋರಿಸಬಹುದು, ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಎಷ್ಟೆಂಬುದು ಎಲ್ಲರಿಗೂ ಗೊತ್ತು. ಸ್ಟ್ರಿಪ್ಪುಗಳನ್ನು ಸಾಮಾನ್ಯವಾಗಿ 30 ಡಿಗ್ರಿಯೊಳಗಿಡಬೇಕು. ಏಪ್ರಿಲಿನಲ್ಲಿ ತಗಡಿನ ಮನೆಯೊಳಗೆ 30 ಡಿಗ್ರಿಯನ್ನು ಎಲ್ಲಿ ಹುಡುಕುವುದು? 2018ರಲ್ಲಿ ಅಮೆರಿಕದಲ್ಲಿ ಒಂದು ದೊಡ್ಡ ಕಂಪನಿಯ ಸ್ಟ್ರಿಪ್ಪುಗಳು ಇದ್ದದ್ದಕ್ಕಿಂತ ಹೆಚ್ಚು ಸಂಖ್ಯೆ ತೋರಿಸುತ್ತಿವೆಯೆಂದು ಹತ್ತು ಲಕ್ಷಕ್ಕೂ ಮಿಕ್ಕಿದ ಪೊಟ್ಟಣಗಳನ್ನು ವಾಪಸು ಪಡೆಯಬೇಕಾಯಿತು. ಅದಕ್ಕೂ ಎರಡು ವರ್ಷ ಮುಂಚೆ ಇನ್ನೊಂದು ಕಂಪನಿ ತನ್ನ ಮಿಷನ್ನನ್ನೇ ಪೇಟೆಯಿಂದ ಎತ್ತಿಕೊಂಡಿತ್ತು. ಅಲ್ಲಿ ಕೇಳುವವರಿದ್ದರು, ಸಿಕ್ಕಿಬಿದ್ದರು. ಇಲ್ಲಿ ಚಿಲ್ಲರೆ ವ್ಯಾಪಾರಿಯ ತಕ್ಕಡಿಗೆ ಕಾಲಕಾಲಕ್ಕೆ ಮುದ್ರೆ ಹಾಕಿಸದಿದ್ದರೆ ದಂಡ. ಮನುಷ್ಯನ ರಕ್ತ ತೂಗುವ ಮಿಷನ್ನಿಗೆ ಜಿಲ್ಲೆಯಲ್ಲಿ ಯಾವ ಇನ್ಸ್‌ಪೆಕ್ಟರು ಬಂದು ಮುದ್ರೆ ಒತ್ತುತ್ತಾನೆ? ಬೆಲ್ಲದ ತೂಕಕ್ಕಿಂತ ಇದು ಕಡಿಮೆ ವಿಷಯವೇನು?

ಬೆಲೆಯ ಮಾತು. ಮಿಷನ್ನಿಗೆ ಹತ್ತಾರು ಸಾವಿರ, ಒಂದೊಂದು ಸ್ಟ್ರಿಪ್ಪಿಗೆ ನೂರಾರು ರೂಪಾಯಿ. ಸ್ಟ್ರಿಪ್ಪಿಗೆ 500 ಎಂದು ಹಿಡಿದು ತಿಂಗಳಿಗೆ ಎರಡು ಸಲ ನೋಡಿಕೊಂಡರೆ ವರ್ಷಕ್ಕೆ 12,000. ಬಸ್ಸು ಹತ್ತಿ ಕೂಲಿ ಕಳೆದುಕೊಂಡು ತಿಂಗಳಿಗೆ ಒಂದೇ ಸಲ ಮಾಡಿಸಿದ 11,400ಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ, ಪರೀಕ್ಷೆ ಮಾತ್ರ ಎರಡರಷ್ಟು. ಆದರೆ ಕಳೆದುಹೋದ ಕೂಲಿ ಕಣ್ಣಿಗೆ ಕಾಣದ ಖರ್ಚು. ಸ್ಟ್ರಿಪ್ಪು ಎಣಿಸಿಕೊಡಬೇಕಾದ ನೋಟು. ಬಡವನಿಗೆ ಎರಡನೆಯದೇ ಭಾರ. ಮೊದಲ ದಿನವೇ ಮಿಷನ್ನಿಗೆ ಸುರಿಯಬೇಕಾದ ಹಣವಂತೂ ಸಾಲವಿಲ್ಲದೆ ಹುಟ್ಟದು. ಶುಗರ್ ಸ್ಟ್ರಿಪ್ಪು ಅಗ್ಗವಾದದ್ದು ಕೊಳ್ಳುವವರು ಕೋಟಿಗಟ್ಟಲೆ ಇದ್ದುದರಿಂದ. ಕವಾಟದವರು ಕಡಿಮೆ, ಅವರಲ್ಲಿ ದುಡ್ಡಿರುವವರು ಇನ್ನೂ ಕಡಿಮೆ. ಇಂಥ ಕಡೆ ಪೇಟೆ ತಾನಾಗಿ ಬೆಲೆ ಇಳಿಸೀತೆಂದು ಕಾಯುವುದು ಕೆರೆ ಬತ್ತಲೆಂದು ಕೊಕ್ಕರೆ ಕಾದ ಹಾಗೆ.

ನಮ್ಮ ದೇಶಕ್ಕೆ ಇದು ಅಸಾಧ್ಯವೇ? ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯವರು ಸರಕಾರದ ಹಣದಿಂದಲೇ ಹೃದಯದ ಕವಾಟವನ್ನು ರೂಪಿಸಿದರು. ಮೊದಲ ಮಾದರಿಗಳು ಸೋತವು, ಬಿಡಲಿಲ್ಲ. 1990ರಲ್ಲಿ ಮೊದಲ ರೋಗಿಗೆ ಅದನ್ನು ಕೂರಿಸಿದರು. ಅಂದಿನಿಂದ ಲಕ್ಷಕ್ಕೂ ಮಿಕ್ಕಿದ ಎದೆಗಳಲ್ಲಿ ಅದು ಬಡಿಯುತ್ತಿದೆ, ಪರದೇಶದ ಕವಾಟಕ್ಕಿಂತ ಬಹಳ ಕಡಿಮೆ ಬೆಲೆಗೆ. ಕವಾಟವನ್ನೇ ಮಾಡಿದ ದೇಶದ ಸರಕಾರಿ ಪ್ರಯೋಗಶಾಲೆಗಳು ಕೂಲಿಕಾರನ ಕೈಗೆಟಕುವ ಒಂದು ಸ್ಟ್ರಿಪ್ಪನ್ನು ಕೊಡಲಾರವೆಂದರೆ ನಂಬಲು ನಾವು ತಯಾರಿಲ್ಲ.

ಅಲ್ಲಿಯವರೆಗೆ ಕಾಯಬೇಕಾದ್ದೂ ಇಲ್ಲ. ಈಎಸ್‌ಐ ಇದೆ. ಅದು ಭಿಕ್ಷೆಯಲ್ಲ, 2019ರ ಜುಲೈಯಿಂದ ಕೆಲಸಗಾರನ ಸಂಬಳದ ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲೀಕನಿಂದ ಮೂರೂಕಾಲು ರೂಪಾಯಿ ಅದಕ್ಕೆ ಸೇರುತ್ತ ಬಂದಿದೆ. ಆಸ್ಪತ್ರೆಯ ಹಾಸಿಗೆಯಷ್ಟೇ ಅಲ್ಲ, ಹೊರರೋಗಿಯ ಔಷಧ, ಪರೀಕ್ಷೆಗಳೂ ಅದರ ಹೊಣೆ. ಗುಳಿಗೆ ಅದರ ಹೊಣೆಯಾದರೆ ಗುಳಿಗೆಯನ್ನು ವಿಷವಾಗದಂತೆ ಕಾಯುವ ಸ್ಟ್ರಿಪ್ಪೂ ಅದರ ಹೊಣೆಯೇ. ಲೋಹದ ಕವಾಟವಿರುವ ಪ್ರತಿಯೊಬ್ಬ ವಿಮಾದಾರನಿಗೂ ತರಬೇತಿ ಕೊಟ್ಟು ಮಿಷನ್ನು, ತಿಂಗಳಿಗೆ ಎರಡು ಸ್ಟ್ರಿಪ್ಪು ಒದಗಿಸತಕ್ಕದ್ದು ಎಂದು ಈಎಸ್‌ಐ ಪ್ರಾದೇಶಿಕ ಮಂಡಳಿಯಲ್ಲಿ ಕೂತಿರುವ ಕಾರ್ಮಿಕ ಪ್ರತಿನಿಧಿಗಳು ಮುಂದಿನ ಸಭೆಯಲ್ಲೇ ಎತ್ತಬೇಕು. ಈಎಸ್‌ಐ ಇಲ್ಲದ ಹಮಾಲರಿಗೆ, ಬೀದಿ ವ್ಯಾಪಾರಿಗಳಿಗೆ, ಭಟ್ಟಿಯವರಿಗೆ ಹತ್ತಿರದ ನಮ್ಮ ಕ್ಲಿನಿಕ್ಕು ಅಥವಾ ಆರೋಗ್ಯ ಕೇಂದ್ರದಲ್ಲಿ ಒಂದು ಮಿಷನ್ನು, ಸ್ಟ್ರಿಪ್ಪು ಇಡಲು ಒಂದು ಫ್ರಿಜ್ಜು, ಚುಚ್ಚಲು ಬಲ್ಲ ಒಬ್ಬ ಸಿಸ್ಟರು ಸಾಕು. ಮನೆಗೆ ಒಯ್ಯಲಾಗದವರಿಗೆ ಮನೆಯ ಪಕ್ಕಕ್ಕೆ ಬಂದಂತಾಯಿತು. ಅಲ್ಲಿ ಪ್ರತಿಯೊಬ್ಬರಿಗೂ ಬೇರೆ ಸೂಜಿ ಆಗಲೇಬೇಕು. ಒಂದೇ ಚುಚ್ಚುವ ಪೆನ್ನನ್ನು ನಾಲ್ಕು ಜನರಿಗೆ ಬಳಸಿದರೆ ಕಾಮಾಲೆಯನ್ನು ಹಂಚಿದಂತೆ.

ಈ ನಡುವೆ ತಮ್ಮ ಹಣದಲ್ಲೇ ಮಿಷನ್ನು ಕೊಳ್ಳಲು ಹೊರಟಿರುವವರು ನಮ್ಮ ವಾಚಕರಲ್ಲೂ ಇರಬಹುದು. ಅವರಿಗೆ ಒಂದು ಮಾತು. ಡಾಕ್ಟರನ್ನು ಕೇಳದೆ ಕೊಳ್ಳಬೇಡಿ. ಸಂಖ್ಯೆ ಹೇಳಿದರೆ ಫೋನಿನಲ್ಲಿ ಗುಳಿಗೆ ತಿದ್ದುತ್ತೇನೆ ಎಂದು ಅವರು ಒಪ್ಪಿದರೆ ಮಾತ್ರ ಕೊಳ್ಳಿ. ಕಲಿಯುವ ಮೊದಲೇ ನೀವಾಗಿ ಗುಳಿಗೆ ಏರಿಸಿ ಇಳಿಸುವುದು ಬೇಡ. ವಾರದ ಒಂದೇ ದಿನ ಗೊತ್ತು ಮಾಡಿಕೊಂಡು ನೋಡಿ, ತಾರೀಖು, ಸಂಖ್ಯೆ, ಗುಳಿಗೆ ಮೂರನ್ನೂ ವಹಿಯಲ್ಲಿ ಬರೆಯಿರಿ. ಮಲ ಕಪ್ಪಗಾದರೆ, ಮೂತ್ರ ಕೆಂಪಾದರೆ, ತಲೆಗೆ ಪೆಟ್ಟು ಬಿದ್ದರೆ, ಬಾಯಿ ಸೊಟ್ಟಗಾದರೆ, ಕೈ ಜೋತುಬಿದ್ದರೆ ಮಿಷನ್ನು ಏನೇ ಹೇಳಲಿ, ಆಸ್ಪತ್ರೆಗೆ ಓಡಿ. ಬಸುರಾಗುವ ವಿಚಾರವಿದ್ದ ಹೆಣ್ಣುಮಕ್ಕಳು ಮುಂಚಿತವಾಗಿಯೇ ಡಾಕ್ಟರಿಗೆ ಹೇಳಬೇಕು, ಮೊದಲ ತಿಂಗಳುಗಳಲ್ಲಿ ಈ ಗುಳಿಗೆ ಕೂಸಿಗೆ ಕೆಡುಕು. ಮಿಷನ್ನು ತಂದ ದಿನ ಲ್ಯಾಬಿನಲ್ಲೂ ಅದೇ ಹೊತ್ತಿಗೆ ರಕ್ತ ಕೊಟ್ಟು ಎರಡನ್ನೂ ಹೋಲಿಸಿ ನೋಡಿ; ಆರು ತಿಂಗಳಿಗೊಮ್ಮೆ ಮತ್ತೆ ಹಾಗೆಯೇ ಮಾಡಿ. ಎರಡರ ನಡುವೆ ಅರ್ಧ ಅಂಶಕ್ಕಿಂತ ಹೆಚ್ಚು ಅಂತರ ಬಂದರೆ ಡಾಕ್ಟರಿಗೆ ತೋರಿಸಿ. ಮತ್ತೊಮ್ಮೆ ನೋಡಿದಾಗಲೂ ಹಾಗೆಯೇ ಬಂದರೆ ಮಿಷನ್ನನ್ನು ರಸೀದಿ ಸಮೇತ ಕೊಟ್ಟವನ ಮೇಜಿನ ಮೇಲೆ ವಾಪಸು ಇಡಿ.